ಕಾಲು ನೋಡುತ್ತಾ ಕೂತಿದ್ದೆವು, ತೊಂದರೆ ಕುತ್ತಿಗೆಯಲ್ಲಿತ್ತು

ನನ್ನ ಕುದುರೆ ಬಾದಾಮಿಗೆ ಏನೋ ಆಗಿದೆ ಅಂತ ಮೊದಲು ಹೇಳಿದವರು ಲಾಳ ಕಟ್ಟುವವರು. ಹಿಂಗಾಲಿನ ಹಳೇ ಲಾಳ ಕಿತ್ತು ನನ್ನ ಕೈಗೆ ಕೊಟ್ಟರು. ಮುಂದಿನ ತುದಿ ಸವೆದು ಬ್ಲೇಡಿನ ಹಾಗಾಗಿತ್ತು, ಹಿಂಭಾಗ ಮಾತ್ರ ಹೊಸದರಂತೆಯೇ ಇತ್ತು. "ಆರು ವಾರಕ್ಕೆ ಇಷ್ಟು ಸವೆಯಲ್ಲ ಮೇಡಂ, ಇವನು ಕಾಲು ಎತ್ತಿ ಇಡ್ತಿಲ್ಲ, ಎಳೀತಿದ್ದಾನೆ" ಅಂದರು. ನಾನು ಹೂಂ ಅಂದೆ, ಲಾಳವನ್ನು ಜೀನು ಇಡುವ ಕೋಣೆಯ ಕಿಟಕಿ ಮೇಲೆ ಇಟ್ಟೆ, ಮರೆತುಬಿಟ್ಟೆ. ಆ ಲಾಳ ಈಗಲೂ ಅಲ್ಲೇ ಇದೆ.

ಬಾದಾಮಿ ರೇಸ್ ಬಿಟ್ಟ ಕುದುರೆ, ಥರೋಬ್ರೆಡ್. ಆಗ 11 ವರ್ಷ. ಬಾದಾಮಿ ಸಿಪ್ಪೆಯ ಬಣ್ಣ, ಅದಕ್ಕೇ ಆ ಹೆಸರು. ರೇಸಿನಲ್ಲಿದ್ದಾಗಿನ ಹೆಸರು ಬೇರೆ, ಇಂಗ್ಲಿಷಿನದು, ನನಗೆ ಅದನ್ನು ಕರೆಯೋಕೆ ನಾಚಿಕೆ. ದೇವನಹಳ್ಳಿ ಕಡೆ ಒಂದು ಸಣ್ಣ ಲಾಯದಲ್ಲಿ ಇನ್ನೂ ನಾಲ್ಕು ಕುದುರೆಗಳ ಜೊತೆ ಇದ್ದಾನೆ. ನೋಡಿಕೊಳ್ಳುವುದು ಒಬ್ಬರು ಹಳೇ ಸೈಸ್, ಅಂದರೆ ಕುದುರೆಗಳ ಆರೈಕೆ ಮಾಡುವವರು. ನಾವೆಲ್ಲ ಅವರನ್ನು ಚಾಚಾ ಅಂತಲೇ ಕರೆಯುವುದು. ನಾನು ವಾರಕ್ಕೆ ನಾಲ್ಕು ದಿನ ಹೋಗಿ ಸವಾರಿ ಮಾಡುತ್ತಿದ್ದೆ, ಉಳಿದ ದಿನ ಆಫೀಸು, ಟ್ರಾಫಿಕ್ಕು.

ಸೂಚನೆಗಳು ಬೇಕಾದಷ್ಟಿದ್ದವು, ನಾನೇ ತಪ್ಪಾಗಿ ಓದಿದೆ. ಎಡಕ್ಕೆ ತಿರುಗಿಸಿದರೆ ಕುತ್ತಿಗೆ ಬಗ್ಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ಲಾರಿ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದ. ಇಳಿಜಾರಿನಲ್ಲಿ ಮುಗ್ಗರಿಸುತ್ತಿದ್ದ. ಓಟದಿಂದ ನಡಿಗೆಗೆ ಇಳಿಸಿದರೆ ಹಿಂಭಾಗ ಒಂದು ಕಡೆಗೆ ವಾಲುತ್ತಿತ್ತು, ಕುಡಿದವರು ಬಸ್ಸಿನಿಂದ ಇಳಿದ ಹಾಗೆ. ತರಬೇತಿ ಕೊಡುತ್ತಿದ್ದವರು ಒಬ್ಬರು "ಸೋಮಾರಿ, ನಿಮ್ಮನ್ನು ಆಟ ಆಡಿಸ್ತಿದ್ದಾನೆ, ಒಂದು ಬಿಡಿ" ಅಂದರು. ಬಿಟ್ಟೆ. ಎರಡು ತಿಂಗಳು ಚಾಟಿ ಹಿಡಿದೇ ಸವಾರಿ ಮಾಡಿದೆ. ಇದನ್ನು ಬರೆಯೋಕೆ ಇಷ್ಟ ಇಲ್ಲ, ಆದರೆ ಬಿಟ್ಟು ಬರೆದರೆ ಸುಳ್ಳಾಗುತ್ತೆ.

ಚಾಚಾ ಬೇರೆಯದನ್ನು ಗಮನಿಸಿದ್ದರು. ನೆಲದ ಮೇಲೆ ಹಾಕಿದ ಹುಲ್ಲನ್ನು ಅವನು ಬಿಡುತ್ತಿದ್ದ, ಬಲೆ ಚೀಲದಲ್ಲಿ ತೂಗುಹಾಕಿದ್ದನ್ನು ಮಾತ್ರ ತಿನ್ನುತ್ತಿದ್ದ. ನೆಲದ್ದನ್ನು ತಿನ್ನಲೇಬೇಕಾದರೆ ಮುಂಗಾಲುಗಳನ್ನು ಅಗಲಿಸಿ ನಿಂತು, ಜಿರಾಫೆ ನೀರು ಕುಡಿಯುತ್ತಲ್ಲ ಹಾಗೆ, ಬಾಯಿ ಇಳಿಸುತ್ತಿದ್ದ. "ಬೇಟಾ, ಇವನ ಕಮರ್ ಹೋಗಿದೆ" ಅಂದರು ಚಾಚಾ. ಕಮರ್ ಅಂದರೆ ಸೊಂಟ. ಅವರು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಆದರೆ ಆ ಮಾತು ಮುಂದೆ ಇನ್ನೊಂದು ರೀತಿಯಲ್ಲಿ ವಾಪಸ್ ಬಂತು, ಹೇಳ್ತೀನಿ.

ಮೊದಲು ಬಂದ ಡಾಕ್ಟರು ಹಿಂಗಾಲಿನ ಮಂಡಿಚಿಪ್ಪಿನ ತೊಂದರೆ ಅಂದರು. ಅವರನ್ನು ದೂರುವುದಿಲ್ಲ, ನಾವೇ "ಹಿಂಗಾಲು ಕುಂಟ್ತಿದ್ದಾನೆ" ಅಂತ ಹೇಳಿ ಕರೆದಿದ್ದೆವು. ಬ್ಯೂಟ್ ಅಂತ ಕರೆಯುವ ನೋವಿನ ಪುಡಿ ಹತ್ತು ದಿನ ಕೊಟ್ಟರು. ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಔಷಧ ಕೆಲಸ ಮಾಡಲಿಲ್ಲ ಅಂತ ನಾನು ಬೇಜಾರು ಮಾಡಿಕೊಂಡೆ. ಆಮೇಲೆ ಗೊತ್ತಾಯಿತು, ಅದು ಕೆಲಸ ಮಾಡದೇ ಇದ್ದದ್ದೇ ಒಂದು ಉತ್ತರ. ಕುಂಟುವ ಕುದುರೆಗೆ ನೋವು ಕಡಿಮೆ ಮಾಡಿದರೆ ಕುಂಟು ಕಡಿಮೆಯಾಗಬೇಕು. ಕಾಲು ಎಲ್ಲಿದೆ ಅಂತಲೇ ತಿಳಿಯದ ಕುದುರೆಗೆ ನೋವಿನ ಔಷಧ ಏನು ಮಾಡುತ್ತೆ? ಇನ್ನೊಂದು, ಕುಂಟು ಪ್ರತಿ ಹೆಜ್ಜೆಗೂ ಒಂದೇ ಥರ ಇರುತ್ತೆ, ತಾಳ ಹಾಕಬಹುದು. ನರದ ತೊಂದರೆಯಲ್ಲಿ ಪ್ರತಿ ಹೆಜ್ಜೆಯೂ ಬೇರೆ. ಇದನ್ನು ಹೇಳಿದ್ದು ಎರಡನೇ ಡಾಕ್ಟರು. ನನ್ನ ಫೋನಿನಲ್ಲಿದ್ದ ವಿಡಿಯೋಗಳನ್ನು ನಿಧಾನಗತಿಯಲ್ಲಿ ಓಡಿಸಿ, ಹತ್ತು ಹೆಜ್ಜೆ ಹಿಂಗಾಲು ಎಲ್ಲೆಲ್ಲಿ ಬೀಳುತ್ತೆ ಅಂತ ತೋರಿಸಿದರು. ಹತ್ತೂ ಬೇರೆ ಬೇರೆ ಕಡೆ.

ಅವರು ಬಂದ ದಿನ ಮೊದಲು ಕುದುರೆ ಹತ್ತಿರ ಹೋಗಲೇ ಇಲ್ಲ. ದೂರ ನಿಂತು ಕೇಳಿದರು: ನಾಯಿ ಕಚ್ಚಿತ್ತಾ? ಜ್ವರ ಬಂದಿತ್ತಾ? ನೀರು ನುಂಗೋಕೆ ಕಷ್ಟ ಪಡ್ತಾನಾ? ಸ್ವಭಾವ ಬದಲಾಗಿದೆಯಾ? ಯಾರಾದರೂ ಇತ್ತೀಚೆಗೆ ಬಾಯಿಗೆ ಕೈ ಹಾಕಿದ್ದೀರಾ? ನನಗೆ ಆಮೇಲೆ ಹೊಳೆಯಿತು, ಇದು ರೇಬೀಸ್ ಪ್ರಶ್ನೆಪಟ್ಟಿ. ನಮ್ಮ ದೇಶದಲ್ಲಿ ನರದ ಲಕ್ಷಣ ಇರುವ ಯಾವ ಪ್ರಾಣಿಯನ್ನು ಮುಟ್ಟುವ ಮೊದಲೂ ಇದನ್ನು ಕೇಳಲೇಬೇಕಂತೆ. ರೇಬೀಸ್ ಬಂದ ಕುದುರೆಗೆ ದಿನಗಳ ಲೆಕ್ಕ, ತಿಂಗಳುಗಳದ್ದಲ್ಲ. ಬಾದಾಮಿಗೆ ಮೂರು ತಿಂಗಳಿಂದ ನಿಧಾನಕ್ಕೆ ಬಂದದ್ದು, ವರ್ಷ ವರ್ಷ ಲಸಿಕೆಯೂ ಆಗಿತ್ತು. ಆಗ ಅವರಿಗೆ ಸ್ವಲ್ಪ ಸಮಾಧಾನ. ಆದರೂ ಗ್ಲೌಸ್ ಹಾಕಿಕೊಂಡೇ ಮುಟ್ಟಿದರು. ಬೇರೆ ಕುದುರೆಗಳಿಗೆ ಜ್ವರ ಇದೆಯಾ, ಇವನು ಮೂತ್ರ ತೊಟ್ಟಿಕ್ಕಿಸ್ತಾನಾ, ಬಾಲ ಜೋತುಬಿದ್ದಿದೆಯಾ ಅಂತಲೂ ಕೇಳಿದರು. ಅದು ಕುದುರೆಗಳ ಹರ್ಪಿಸ್ ವೈರಸ್ಸಿಗೆ. ಅದು ನರಕ್ಕೆ ಇಳಿದರೆ ಹೀಗೇ ಕಾಣಿಸುತ್ತೆ, ಒಂದರಿಂದ ಒಂದಕ್ಕೆ ಹರಡುತ್ತೆ. ಯಾವುದೂ ಇರಲಿಲ್ಲ.

ಆಮೇಲೆ ಪರೀಕ್ಷೆ. ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು, ಒಂದು ಮಷಿನ್ನೂ ಇಲ್ಲ. ಮೊದಲು ತಲೆ. ಕಣ್ಣಿನ ಕಡೆಗೆ ಕೈ ಬೀಸಿದರೆ ಮಿಟುಕಿಸುತ್ತಾನಾ, ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗುತ್ತಾ, ತುಟಿ ಒಂದು ಕಡೆ ಜೋತಿದೆಯಾ, ನಾಲಿಗೆ ಎಳೆದರೆ ವಾಪಸ್ ಎಳೆದುಕೊಳ್ಳುತ್ತಾನಾ. ಎಲ್ಲ ಸರಿ ಇತ್ತು. ಅಂದರೆ ಮಿದುಳು, ತಲೆಯ ನರಗಳು ಬಹುಶಃ ಪರವಾಗಿಲ್ಲ, ಕೆಳಗೆ ಹುಡುಕಬೇಕು. ಪಕ್ಕೆಲುಬಿನ ಮೇಲೆ ಪೆನ್ನಿನಿಂದ ಚುಚ್ಚಿದರು, ನೊಣ ಕೂತರೆ ಚರ್ಮ ಅದುರುತ್ತಲ್ಲ ಅದನ್ನು ನೋಡೋಕೆ. ಕುತ್ತಿಗೆಯನ್ನು ಬೆರಳಿನಿಂದ ಒತ್ತುತ್ತಾ ಬಂದರು. ಹೆಗಲಿನ ಹತ್ತಿರ, ಕುತ್ತಿಗೆ ಬುಡದಲ್ಲಿ, ಎಡಗಡೆ ಒತ್ತಿದಾಗ ಕಿವಿ ಹಿಂದಕ್ಕೆ ಹೋಯಿತು. ಕ್ಯಾರೆಟ್ ತೋರಿಸಿ ತಲೆಯನ್ನು ಪಕ್ಕೆಗೆ ಕರೆದರೆ ಬಲಕ್ಕೆ ಪೂರ್ತಿ ಬಂದ. ಎಡಕ್ಕೆ ಅರ್ಧ ಬಂದು, ಮಿಕ್ಕಿದ್ದಕ್ಕೆ ಇಡೀ ಮೈ ತಿರುಗಿಸಿ ಕ್ಯಾರೆಟ್ ಹೊಡೆದ. ಜಾಣ.

ಆಮೇಲೆ ನಡಿಗೆ. ನೇರವಾಗಿ ನಡೆಸಿದಾಗ ನನಗೆ ಏನೂ ಕಾಣಲಿಲ್ಲ. ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದು ನಡೆಸಿದರು. ಆಗ ಮುಂಗಾಲು ಪೆರೇಡ್ ಸಿಪಾಯಿಯ ಹಾಗೆ ಬಿಗಿಯಾಗಿ ತೇಲಿತು. ತಲೆ ಎತ್ತಿದರೆ ಅವನಿಗೆ ನೆಲ ಕಾಣಲ್ಲ, ಕಣ್ಣಿನ ಸಹಾಯ ಹೋಗುತ್ತೆ, ಕಾಲಿನಿಂದ ಬರುವ ಸುದ್ದಿಯನ್ನೇ ನಂಬಬೇಕು, ಆ ಸುದ್ದಿ ಸರಿಯಾಗಿ ಬರುತ್ತಿಲ್ಲ. ಹಿಂದಕ್ಕೆ ನಡೆಸಿದಾಗ ಹಿಂಗಾಲಿನ ಗೊರಸು ಮಣ್ಣಿನಲ್ಲಿ ಗೆರೆ ಎಳೆಯಿತು. ಸಣ್ಣ ವೃತ್ತದಲ್ಲಿ ತಿರುಗಿಸಿದಾಗ ಹೊರಗಿನ ಹಿಂಗಾಲು ಕುಡುಗೋಲು ಬೀಸಿದ ಹಾಗೆ ಅಗಲಕ್ಕೆ ಹೋಯಿತು, ಒಳಗಿನ ಕಾಲು ಎತ್ತದೆ ಅಲ್ಲೇ ತಿರುಚಿಕೊಂಡಿತು. ಇದನ್ನು ನಾನು ದಿನಾ ನೋಡಿದ್ದೆ, ನೋಡಿರಲಿಲ್ಲ.

ಕೊನೆಗೆ ಬಾಲ. ನಿಂತಿರುವಾಗ ಬಾಲ ಹಿಡಿದು ಪಕ್ಕಕ್ಕೆ ಎಳೆದರು. ಬಂಡೆಯ ಹಾಗೆ ನಿಂತ. ನಡೆಯುತ್ತಿರುವಾಗ ಎಳೆದರು. ಸುಮಾರು 480 ಕಿಲೋ ಕುದುರೆ ಒಂದು ಕೈಗೆ ಬಂತು. ಎರಡಕ್ಕೂ ಯಾಕೆ ಈ ವ್ಯತ್ಯಾಸ ಅಂತ ಕೇಳಿದೆ. ಡಾಕ್ಟರು ಲಾಯದ ಲೈಟ್ ಸ್ವಿಚ್ ತೋರಿಸಿದರು. "ಬಲ್ಬು ಸರಿ ಇದೆ, ಮೀಟರಿಂದ ಬರೋ ವೈರ್ ಎಲ್ಲೋ ಅದುಮಿದೆ" ಅಂದರು. ಕಾಲಿನ ಸ್ನಾಯುವಿಗೆ ನೇರವಾಗಿ ಹೋಗುವ ನರ ಕೆಟ್ಟಿದ್ದರೆ ನಿಂತಾಗಲೂ ಸೋಲುತ್ತಿದ್ದ. ನಿಂತಾಗ ಗಟ್ಟಿ, ನಡೆದಾಗ ಸಡಿಲ ಅಂದರೆ ಮೇಲಿನಿಂದ ಬರುವ ಆಜ್ಞೆಗೆ ದಾರಿಯಲ್ಲಿ ತಡೆ ಬೀಳುತ್ತಿದೆ. ಮುಂಗಾಲೂ ಸ್ವಲ್ಪ ಸೇರಿರುವುದರಿಂದ ಆ ಜಾಗ ಮುಂಗಾಲಿಗಿಂತ ಮೇಲೆ, ಕುತ್ತಿಗೆಯಲ್ಲಿ ಇರಬೇಕು. ಹಾಗಾದರೆ ಹಿಂಗಾಲು ಯಾಕೆ ಹೆಚ್ಚು ಕೆಟ್ಟಿದೆ? ಹಿಂಗಾಲಿನ ದಾರಿಗಳು ಬೆನ್ನುಹುರಿಯಲ್ಲಿ ಹೊರಮೈಗೆ ಹತ್ತಿರ ಇರುತ್ತವಂತೆ. ಹೊರಗಿನಿಂದ ಒತ್ತಿದರೆ ಮೊದಲು ಅದುಮುವುದು ಅವೇ.

ಇದಕ್ಕೊಂದು ಅಳತೆ ಇದೆ, 0ಯಿಂದ 5ರವರೆಗೆ. 0 ಅಂದರೆ ಸರಿ ಇದ್ದಾನೆ, 5 ಅಂದರೆ ಎದ್ದು ನಿಲ್ಲೋಕೇ ಆಗಲ್ಲ. ಬಾದಾಮಿಗೆ ಹಿಂಗಾಲಿಗೆ 2, ಮುಂಗಾಲಿಗೆ 1 ಬರೆದರು. ನಾನು ಎರಡು ತಾನೇ, ಕಡಿಮೆ ಅಂದುಕೊಂಡೆ. "ಇವತ್ತಿಂದ ಇವನ ಮೇಲೆ ಕೂರಬೇಡಿ" ಅಂದರು. ಕೆಳಗೆ ನಿಂತವರಿಗೆ ಎರಡು ಕಡಿಮೆಯೇ. ಮೇಲೆ ಕೂತವರಿಗೆ, ಓಡುವಾಗ ಅವನ ಕಾಲು ಒಂದು ಸಲ ತಪ್ಪಿ ಬಿದ್ದರೆ, ಕುದುರೆ ನಿಮ್ಮ ಮೇಲೆ ಬೀಳುತ್ತೆ. ನಾನು ಎರಡು ತಿಂಗಳು ಚಾಟಿ ಹಿಡಿದು ಓಡಿಸಿದ್ದು ಇಂಥ ಕುದುರೆಯನ್ನು.

ರಾತ್ರಿ ಎಲ್ಲರ ಹಾಗೆ ನಾನೂ ಇಂಟರ್ನೆಟ್ ತೆಗೆದೆ. ಅಲ್ಲಿ ಎಲ್ಲಿ ನೋಡಿದರೂ ಇಪಿಎಂ, ಕುದುರೆಯ ಮಿದುಳು, ಬೆನ್ನುಹುರಿಗೆ ಪರಾವಲಂಬಿಯಿಂದ ಬರುವ ಒಂದು ರೋಗ. ಲಕ್ಷಣಗಳು ಎಲ್ಲಾ ಹೊಂದುತ್ತಿದ್ದವು. ಬೆಳಗ್ಗೆ ಫೋನ್ ಮಾಡಿದರೆ ಡಾಕ್ಟರು ನಕ್ಕರು. ಅದನ್ನು ಹರಡುವುದು ಒಪೋಸಮ್ ಅನ್ನುವ ಪ್ರಾಣಿಯ ಹಿಕ್ಕೆ, ಅದಿರುವುದು ಅಮೆರಿಕ ಖಂಡಗಳಲ್ಲಿ, ದೇವನಹಳ್ಳಿಯಲ್ಲಿ ಅಲ್ಲ. ನಮ್ಮ ಕಡೆ ಮೊದಲು ನೋಡಬೇಕಾದ್ದು ಸರ್ರಾ. ಕುದುರೆ ನೊಣ ಕಚ್ಚಿ ಹರಡುವ ರಕ್ತದ ಪರಾವಲಂಬಿ, ಜ್ವರ ಬಂದು ಬಂದು ಹೋಗುತ್ತೆ, ಕೊನೆಗೆ ನರಕ್ಕೂ ಇಳಿಯಬಹುದು. ರಕ್ತ ತೆಗೆದರು. ಸರ್ರಾ ಇರಲಿಲ್ಲ. ಸ್ನಾಯು ಕೆಟ್ಟರೆ ಏರುವ ಎರಡು ಕಿಣ್ವಗಳನ್ನೂ ನೋಡಿದರು, ಸಾಮಾನ್ಯ.

ಈಗ ಚಾಚಾ ಹೇಳಿದ ಕಮರ್. ನಮ್ಮ ಲಾಯದ ಪಕ್ಕದಲ್ಲೇ ಒಂದು ಹಸುವಿನ ಕೊಟ್ಟಿಗೆ ಇದೆ, ಹತ್ತು ಹನ್ನೆರಡು ಹಸು, ಮಧ್ಯೆ ಒಂದು ಮೋರಿ, ಸಂಜೆ ಸೊಳ್ಳೆ ಅಂದರೆ ಸೊಳ್ಳೆ. ಡಾಕ್ಟರು ಬಂದ ದಿನವೇ ಅದನ್ನು ನೋಡಿ ಮುಖ ಚಿಕ್ಕದು ಮಾಡಿಕೊಂಡಿದ್ದರು. ಹಸುವಿನ ಹೊಟ್ಟೆಯಲ್ಲಿ ಸೆಟೇರಿಯ ಅನ್ನುವ ದಾರದಂಥ ಹುಳ ಇರುತ್ತೆ. ಹಸುವಿಗೆ ಅದರಿಂದ ಅಂಥ ತೊಂದರೆ ಏನಿಲ್ಲ. ಅದರ ಮರಿಗಳು ರಕ್ತದಲ್ಲಿ ಓಡಾಡುತ್ತವೆ, ಸೊಳ್ಳೆ ಕುಡಿದು ಕುದುರೆಗೆ ಕಚ್ಚುತ್ತೆ. ಕುದುರೆ ಆ ಹುಳಕ್ಕೆ ಸರಿಯಾದ ಮನೆಯಲ್ಲ, ಅದಕ್ಕೆ ದಾರಿ ತಪ್ಪಿ ಬೆನ್ನುಹುರಿಯೊಳಗೆ ನುಗ್ಗಿ ಅಲ್ಲೇ ಸುರಂಗ ಕೊರೆಯುತ್ತೆ. ಹಿಂಭಾಗ ಸೋಲುತ್ತೆ. ಈ ರೋಗಕ್ಕೆ ಹಿಂದಿನಿಂದಲೂ ಇರುವ ಹೆಸರು ಕುಮ್ರಿ. ಕಮರ್‌ನಿಂದಲೇ ಬಂದದ್ದು. ಇಂಗ್ಲಿಷ್ ಪಶುವೈದ್ಯ ಪುಸ್ತಕದಲ್ಲೂ ಅದೇ ಪದ ಇದೆ ಅಂತ ಡಾಕ್ಟರು ಹೇಳಿದಾಗ ಚಾಚಾ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದಕ್ಕೆ ನಾನು ಏನೂ ಹೇಳದೆ ಚಾ ತರಿಸಿದೆ.

ಬದುಕಿರುವ ಕುದುರೆಯಲ್ಲಿ ಕುಮ್ರಿಯನ್ನು ಖಚಿತ ಮಾಡುವುದು ಕಷ್ಟ. ಆದರೆ ಔಷಧ ದುಬಾರಿಯಲ್ಲ. ಹಾಗಾಗಿ ಎಕ್ಸ್‌ರೇಗೆ ಕಾಯುತ್ತಲೇ ಹುಳದ ಔಷಧ ಶುರು ಮಾಡಿದರು. ಐವರ್‌ಮೆಕ್ಟಿನ್ ಮತ್ತು ಡಿಇಸಿ. ಡಿಇಸಿ ಅಂದರೆ ನಮ್ಮಲ್ಲಿ ಆನೆಕಾಲು ರೋಗಕ್ಕೆ ಮನುಷ್ಯರಿಗೆ ಕೊಡುತ್ತಾರಲ್ಲ, ಅದೇ ಮಾತ್ರೆ. ಜೊತೆಗೆ ಉರಿಯೂತ ಇಳಿಸೋಕೆ ಸ್ಟೀರಾಯ್ಡ್ ಕೆಲವು ದಿನ, ಮತ್ತೆ ವಿಟಮಿನ್ ಇ. ಹಸಿರು ಹುಲ್ಲು ಸಿಗದೆ ಒಣಹುಲ್ಲು, ಬೂಸಾ, ಹುರುಳಿಯಲ್ಲೇ ಇರುವ ಕುದುರೆಗೆ ವಿಟಮಿನ್ ಇ ಕೊರತೆ ಆಗುತ್ತೆ, ನರಕ್ಕೆ ಅದು ಬೇಕು.

ಎಕ್ಸ್‌ರೇ ದಿನ ಇಡೀ ಲಾಯ ಸೇರಿತ್ತು. ಮಷಿನ್ನು ಕಾರಿನ ಡಿಕ್ಕಿಯಲ್ಲೇ ಬಂತು, ಒಂದು ಟಿಫಿನ್ ಕ್ಯಾರಿಯರ್ ಗಾತ್ರದ್ದು. ನಿದ್ದೆಮಂಪರಿನ ಇಂಜೆಕ್ಷನ್ ಕೊಟ್ಟು, ತಲೆಗೆ ಕಟ್ಟುವ, ಬಕಲ್ ಇರುವ ಹಾಲ್ಟರ್ ತೆಗೆದು ಬರೀ ಹಗ್ಗದ್ದು ಹಾಕಿ, ತಲೆಯನ್ನು ಸ್ಟೂಲಿನ ಮೇಲಿಟ್ಟ ದಿಂಬಿನ ಮೇಲೆ ಇರಿಸಿದೆವು. ನಮ್ಮ ಹಾಗೆಯೇ ಕುದುರೆಗೂ ಕುತ್ತಿಗೆಯಲ್ಲಿ ಏಳೇ ಮೂಳೆ, ಆದರೆ ಒಂದೊಂದೂ ನನ್ನ ಮುಷ್ಟಿಗಿಂತ ದೊಡ್ಡದು. ಮೇಲಿನ ಮೂಳೆಗಳ ಚಿತ್ರ ಸುಲಭವಾಗಿ ಬಂತು. ಆರು, ಏಳನೆಯದರ ಹತ್ತಿರ ಹೆಗಲು, ಮಾಂಸ ಅಡ್ಡ. ನಾಲ್ಕು ಸಲ ತೆಗೆಯಬೇಕಾಯಿತು. ಕುತ್ತಿಗೆ ಒಂದು ಚೂರು ಓರೆಯಾದರೂ ಅಳತೆ ತಪ್ಪುತ್ತೆ.

ಅಳತೆಯ ಉಪಾಯ ನನಗೆ ಬಹಳ ಹಿಡಿಸಿತು. ಬೆನ್ನುಹುರಿ ಹೋಗುವ ಕೊಳವೆಯ ಅತಿ ಕಿರಿದಾದ ಜಾಗವನ್ನು ಅಳೆದು, ಅದೇ ಮೂಳೆಯ ದಪ್ಪನೆಯ ಭಾಗದ ಎತ್ತರದಿಂದ ಭಾಗಿಸುತ್ತಾರೆ. ಎರಡೂ ಒಂದೇ ಚಿತ್ರದಲ್ಲಿ ಇರುವುದರಿಂದ, ಪ್ಲೇಟ್ ದೂರ ಇದ್ದು ಚಿತ್ರ ದೊಡ್ಡದಾಗಿದ್ದರೂ ಲೆಕ್ಕ ಕೆಡಲ್ಲ. ನಾಲ್ಕರಿಂದ ಆರನೇ ಮೂಳೆಗೆ ಇದು 52 ಶೇಕಡಕ್ಕಿಂತ, ಏಳನೆಯದಕ್ಕೆ 56ಕ್ಕಿಂತ ಕಡಿಮೆ ಬಂದರೆ ಅನುಮಾನ. ಬಾದಾಮಿಗೆ ಮೇಲಿನವೆಲ್ಲ ದಾಟಿದವು, ಏಳನೆಯದು 53. ಜೊತೆಗೆ ಆರು ಮತ್ತು ಏಳರ ನಡುವಿನ ಪುಟ್ಟ ಕೀಲುಗಳು ಉಬ್ಬಿ ಹೂಕೋಸಿನ ಹಾಗೆ ಕಾಣುತ್ತಿದ್ದವು. ಸಂಧಿವಾತ. ನಾನು "ಸಿಕ್ಕಿಬಿಡ್ತು!" ಅಂದೆ. ಡಾಕ್ಟರು ತಲೆ ಅಲ್ಲಾಡಿಸಿದರು. ಏನೂ ತೊಂದರೆ ಇಲ್ಲದ ಎಷ್ಟೋ ವಯಸ್ಸಾದ ಕುದುರೆಗಳ ಎಕ್ಸ್‌ರೇಯಲ್ಲೂ ಆ ಜಾಗ ಹೀಗೇ ಇರುತ್ತಂತೆ. ಚಿತ್ರ ಮೂಳೆಯದು, ಬೆನ್ನುಹುರಿಯದಲ್ಲ.

ಹುರಿ ನಿಜವಾಗಿ ಅದುಮಿದೆಯಾ ಅಂತ ನೋಡೋಕೆ ಮೈಯೆಲೋಗ್ರಾಮ್ ಮಾಡಬೇಕು. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿ, ತಲೆಯ ಹಿಂದೆ ಸೂಜಿ ಹಾಕಿ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಬಿಟ್ಟು, ಕುತ್ತಿಗೆ ಬಗ್ಗಿಸಿ, ಚಾಚಿ ಚಿತ್ರ ತೆಗೆಯುವುದು. ಮೊದಲೇ ತೂರಾಡುವ ಕುದುರೆ ಅರಿವಳಿಕೆ ಇಳಿದು ಏಳುವಾಗ ಬಿದ್ದು ಕಾಲು ಮುರಿದುಕೊಂಡರೆ ಮುಗಿಯಿತು. ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಮಾತ್ರ ಇದಕ್ಕೆ ಅರ್ಥ ಅಂದರು. ಆಪರೇಷನ್ನಿನ ಕಥೆ ದೊಡ್ಡದಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಎರಡು ಮೂಳೆಗಳ ನಡುವೆ ತೂತು ಕೊರೆದು ಸ್ಟೀಲಿನ ಬುಟ್ಟಿ ಕೂರಿಸಿ ಅವನ್ನು ಒಂದಾಗಿಸುವುದು. ಆ ಬುಟ್ಟಿಯನ್ನು ಮಾಡಿದ್ದು ಜಾರ್ಜ್ ಬ್ಯಾಗ್ಬಿ ಅನ್ನುವ, ಮನುಷ್ಯರ ಮೂಳೆ ಡಾಕ್ಟರು. ಕುದುರೆಗೆ ಅಂತ ಮಾಡಿದ ಬುಟ್ಟಿಯೇ ಆಮೇಲೆ ಮನುಷ್ಯರ ಬೆನ್ನಿಗೆ ಹಾಕುವ ಕೇಜ್ ಆಯಿತು. ನಮ್ಮ ಚಿಕ್ಕಪ್ಪನ ಬೆನ್ನಿನಲ್ಲೂ ಅಂಥದ್ದೊಂದು ಕೇಜ್ ಇದೆ, ಅವರಿಗೆ ಇದನ್ನು ಹೇಳಿದೆ, ಅಷ್ಟೇನೂ ಖುಷಿ ಪಡಲಿಲ್ಲ. 1977ರಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳ ಟ್ರಿಪಲ್ ಕ್ರೌನ್ ಗೆದ್ದ ಸಿಯಾಟಲ್ ಸ್ಲೂ ಅನ್ನುವ ಕುದುರೆಗೆ ಮುದಿ ವಯಸ್ಸಿನಲ್ಲಿ, 2000 ಮತ್ತು 2002ರಲ್ಲಿ, ಎರಡು ಸಲ ಕುತ್ತಿಗೆ ಆಪರೇಷನ್ ಆಗಿತ್ತು. 2002ರ ಮೇ 7ರಂದು ಸತ್ತ. ಆ ಮೂರರಲ್ಲಿ ಮೊದಲನೆಯದಾದ ಕೆಂಟಕಿ ಡರ್ಬಿ ಗೆದ್ದು ಅವತ್ತಿಗೆ ಸರಿಯಾಗಿ 25 ವರ್ಷ.

ನಾವು ಅದಕ್ಕೆ ಹೋಗಲಿಲ್ಲ. ದುಡ್ಡು ಒಂದು ಕಾರಣ, ಅದನ್ನು ಮುಚ್ಚಿಡುವುದೇನಿದೆ. ಅಲ್ಲಿಯವರೆಗೆ ಆದ ಖರ್ಚಿಗೇ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಇನ್ನೊಂದು ಕಾರಣ, ಅವನು ಬೀಳುತ್ತಿರಲಿಲ್ಲ, ತಿನ್ನುತ್ತಿದ್ದ, ಮಲಗಿ ಏಳುತ್ತಿದ್ದ.

ಬದಲಿಗೆ ಆ ಕೀಲುಗಳಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಕುತ್ತಿಗೆ ಬುಡದಲ್ಲಿ ಎರಡೂ ಕಡೆ ಕೂದಲು ಬೋಳಿಸಿ, ಎಷ್ಟು ಸಲ ಉಜ್ಜಿ ತೊಳೆದರೋ ಲೆಕ್ಕ ಇಲ್ಲ, ಸ್ಕ್ಯಾನಿಂಗ್ ಪರದೆ ನೋಡುತ್ತಾ ಉದ್ದನೆಯ ಸೂಜಿ ಇಳಿಸಿದರು. ಪರದೆ ಮೇಲೆ ಬೂದು ಬಣ್ಣದ ಎರಡು ಗುಡ್ಡ, ನಡುವೆ ಒಂದು ಸಣ್ಣ ಕಣಿವೆ, ಆ ಕಣಿವೆಗೆ ಬಿಳಿ ಗೆರೆಯಾಗಿ ಸೂಜಿ ಇಳಿಯುತ್ತೆ. ಚಾಚಾ ಕಣ್ಣು ಮುಚ್ಚಿಕೊಂಡಿದ್ದರು. ಸ್ಟೀರಾಯ್ಡಿನಿಂದ ಗೊರಸಿನೊಳಗೆ ಉರಿಯೂತ ಬರುವ ಅಪಾಯ ಇದೆ, ದಿನಕ್ಕೆ ಎರಡು ಸಲ ಗೊರಸು ಮುಟ್ಟಿ ಬಿಸಿ ಇದೆಯಾ ನೋಡಿ ಅಂದರು. ನಾನು ರಾತ್ರಿ ಹನ್ನೊಂದಕ್ಕೂ ಫೋನ್ ಮಾಡಿ ಚಾಚಾಗೆ ಮುಟ್ಟಿಸುತ್ತಿದ್ದೆ, ಪಾಪ.

ಎರಡು ವಾರ ವಿಶ್ರಾಂತಿ. ಆಮೇಲೆ ಶುರುವಾಯಿತು ನಿಜವಾದ ಕೆಲಸ, ಅದು ತುಂಬಾ ಬೋರ್. ದಿನಾ ಕೈಯಲ್ಲಿ ಹಿಡಿದು ನಡೆಸುವುದು. ನೆಲದ ಮೇಲೆ ಮರದ ಕಂಬ ಹಾಸಿ ದಾಟಿಸುವುದು, ಮೊದಲ ದಿನ ಎಲ್ಲಾ ಕಂಬವನ್ನೂ ಒದ್ದ. ಕೆರೆ ಏರಿ ಹತ್ತಿಸಿ ಇಳಿಸುವುದು. ಕ್ಯಾರೆಟ್ ತೋರಿಸಿ ಕುತ್ತಿಗೆ ತಿರುಗಿಸುವುದು, ಮುಂಗಾಲಿನ ನಡುವೆ ತಲೆ ತರಿಸುವುದು. ನೀರಿನ ಬಕೆಟ್, ಮೇವು ಎದೆ ಎತ್ತರಕ್ಕೆ. ಕೊಟ್ಟಿಗೆ ಕಡೆಯ ಕಿಟಕಿಗೆ ಸೊಳ್ಳೆ ಪರದೆ, ಸಂಜೆ ಫ್ಯಾನು. ಮೋರಿ ಮುಚ್ಚಿಸೋಕೆ ಪಕ್ಕದವರ ಹತ್ತಿರ ಮೂರು ಸಲ ಮಾತಾಡಿದೆ, ಅವರು ಮೂರು ಸಲವೂ ಹಾಲು ಕೊಟ್ಟು ಕಳಿಸಿದರು. ಮೋರಿ ಹಾಗೇ ಇದೆ. ಆರನೇ ವಾರ ಸ್ವಲ್ಪ ಹಿಂದಕ್ಕೆ ಹೋದ, ಎದ್ದೇಳುವಾಗ ನಾಯಿ ಹಾಗೆ ಕುಕ್ಕರಿಸಿದ, ಅವತ್ತು ನಾನು ಆಫೀಸಿಗೆ ಹೋಗಲಿಲ್ಲ. ಎರಡು ದಿನದಲ್ಲಿ ಸರಿಹೋಯಿತು.

ನಾಲ್ಕು ತಿಂಗಳಿಗೆ ಡಾಕ್ಟರು ಮತ್ತೆ ಬಂದು ಎಲ್ಲಾ ಪರೀಕ್ಷೆ ಮಾಡಿ ಹಿಂಗಾಲಿಗೆ 1, ಮುಂಗಾಲಿಗೆ 0 ಬರೆದರು. ಕುತ್ತಿಗೆಯ ಇಂಜೆಕ್ಷನ್ನಿನಿಂದಲಾ, ಹುಳದ ಔಷಧದಿಂದಲಾ, ಕೆರೆ ಏರಿಯಿಂದಲಾ ಅಂತ ಕೇಳಿದೆ. "ಎಲ್ಲಾ ಒಟ್ಟಿಗೆ ಕೊಟ್ಟಿದ್ದೀವಲ್ಲ, ಈಗ ಯಾವುದಕ್ಕೆ ಅಂತ ಹೇಳಲಿ" ಅಂದರು. ಡಾಕ್ಟರ ಚೀಟಿಯಲ್ಲಿ ಕುತ್ತಿಗೆ ಅಂತ ಇದೆ. ಚಾಚಾ ಇವತ್ತಿಗೂ ಕುಮ್ರಿ ಅನ್ನುತ್ತಾರೆ.

ಹೋದ ತಿಂಗಳು ಒಬ್ಬರು ಬಂದಿದ್ದರು. ಮಕ್ಕಳಿಗೆ ಸವಾರಿ ಕಲಿಸುವ ಜಾಗಕ್ಕೆ ಸಾಧು ಕುದುರೆ ಬೇಕಂತೆ, ಬಾದಾಮಿಯನ್ನು ಯಾರೋ ಹೇಳಿದ್ದರಂತೆ. ಮೈ ತುಂಬಿಕೊಂಡಿದ್ದಾನೆ, ಕೂದಲು ಹೊಳೆಯುತ್ತೆ, ನೇರ ನಡೆಸಿದರೆ ಏನೂ ಕಾಣಲ್ಲ. ಸವಾರಿಗೆ ಆಗಲ್ಲ ಅಂದೆ. "ಚೆನ್ನಾಗೇ ಇದ್ದಾನಲ್ಲ ಮೇಡಂ, ನಿಧಾನಕ್ಕೆ ನಡೆಸ್ತೀವಿ ಅಷ್ಟೇ" ಅಂದರು. ಚಾಚಾಗೆ ಕುದುರೆ ನಡೆಸೋಕೆ ಹೇಳಿ, ಪಕ್ಕಕ್ಕೆ ಸರಿದು ನಡೀತಾ ಬಾಲ ಎಳೆದು ನೋಡಿ ಅಂದೆ. ಎಳೆದರು. ಮೊದಲಿನ ಹಾಗೆ ಪೂರ್ತಿ ಬರಲಿಲ್ಲ, ಆದರೆ ಒಂದು ಹೆಜ್ಜೆ ಅವರ ಕಡೆಗೆ ವಾಲಿದ. ಬಾಲ ಬಿಟ್ಟು ಹಿಂದೆ ಸರಿದರು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಅವರ ಲಾಯದಲ್ಲೂ ಒಂದಕ್ಕೆ ಹಿಂಗಾಲಿನ ಲಾಳ ಹೀಗೇ ಮುಂದೆ ಸವೆಯುತ್ತೆ, ನೋಡೋಕೆ ಬರ್ತಾರಾ ನಿಮ್ಮ ಡಾಕ್ಟರು ಅಂತ ಕೇಳಿದರು. ನಂಬರ್ ಕೊಟ್ಟೆ.